ಗೆದ್ದಾಗ ಬಿಚ್ಚುವ ಪೆಟ್ಟಿಗೆ

ಕಂದು ಟೇಪನ್ನು ಚರ್ರೆಂದು ಎಳೆಯುವ ಸದ್ದು ಕೇಳಿದರೆ ನನಗೆ ಈಗಲೂ ಬಾಯಲ್ಲಿ ನೀರೂರುತ್ತದೆ. ಮೊನ್ನೆ ಮನೆ ಬದಲಾಯಿಸುವಾಗ ಸಾಮಾನು ಕಟ್ಟಲು ಬಂದವರು ಆ ಸದ್ದು ಮಾಡಿದ್ದೇ ತಡ, ಕಾದ ಕಾವಲಿಯ ವಾಸನೆ ಮೂಗಿಗೆ ಬಡಿದು, ನಾನು ಅಬುಧಾಬಿಯ ಖಾಲಿದಿಯಾ ಬಡಾವಣೆಯ ಐದನೇ ಮಹಡಿಯ ಮನೆಯಲ್ಲಿ ಹತ್ತು ವರ್ಷದ ಹುಡುಗಿಯಾಗಿ ನಿಂತಿದ್ದೆ. ಗಲ್ಫಿನಲ್ಲಿ ಬೆಳೆದವರಿಗೆ ಟೇಪಿನ ಸದ್ದೆಂದರೆ ಯಾರೋ ಊರಿಗೆ ಹೊರಟರೆಂದೇ ಅರ್ಥ. ನಮ್ಮ ಮನೆಯಲ್ಲಿ ಆ ಒಂದು ಚಳಿಗಾಲ ಮಾತ್ರ ಅದು ದೋಸೆಯ ಸದ್ದಾಗಿತ್ತು.

ಅಪ್ಪನ ಕೆಲಸ ಮುಗಿದಿತ್ತು. ಕಂಪನಿಯ ಮನೆ, ಎರಡು ತಿಂಗಳೊಳಗೆ ಬೀಗದ ಕೈ ಒಪ್ಪಿಸಬೇಕು. ಅಪ್ಪನಿಗೋ ಅಷ್ಟು ದಿನವೂ ಬೇಡ, ನಾಳೆಯೇ ಉಡುಪಿಗೆ ಹೋಗಿ ಇಳಿಯುವ ಆತುರ. ಹಾಲ್‌ನ ತುಂಬ ಊರಿಗೆ ಕಳಿಸುವ ಕಾರ್ಗೋ ಪೆಟ್ಟಿಗೆಗಳು. ನಾವು ಅವುಗಳ ಸಂದಿಯಲ್ಲಿ ಅಡ್ಡಡ್ಡ ನಡೆದು ಊಟಕ್ಕೆ ಹೋಗುತ್ತಿದ್ದೆವು. ತೊಡಕು ತಂದವಳು ಸಹನಕ್ಕ. ಅವಳು ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಪರೀಕ್ಷೆ ಮುಗಿದೊಡನೆ ಕಾಲೇಜುಗಳ ಪಂದ್ಯಾವಳಿ ಶುರುವಾಗುವುದಿತ್ತು. ಒಮ್ಮೆ ಸೋತ ತಂಡ ಹೊರಗೆ. ಆಡದೆ ವಿಮಾನ ಹತ್ತುವುದಿಲ್ಲವೆಂದು ಅಕ್ಕ ಎರಡು ದಿನ ಊಟ ಬಿಟ್ಟಳು. ಕೊನೆಗೆ ಅಪ್ಪನೇ ರಾಜಿಗೆ ಬಂದರು. "ಆಯ್ತು ಮಾರಾಯ್ತಿ. ಗೆದ್ದರೆ ಮುಂದಿನ ಮ್ಯಾಚಿನವರೆಗೆ ಇರುವಾ. ಸೋತರೆ ಮರುದಿನವೇ ಟಿಕೆಟ್, ಖಲಾಸ್." ಮೊದಲ ಮ್ಯಾಚಿನಲ್ಲೇ ಸೋಲುತ್ತಾರೆಂಬುದು ಅವರ ಅಂದಾಜು.

ಅಂದಾಜು ತಲೆಕೆಳಗಾಯಿತು. ಅಕ್ಕ ಮೊಣಕೈ ತರಚಿಕೊಂಡು, ಬೂಟಿನ ತುಂಬ ಕೃತಕ ಹುಲ್ಲಿನ ಮೈದಾನದ ಕರಿ ರಬ್ಬರ್ ಹರಳು ತುಂಬಿಕೊಂಡು ಗೆದ್ದು ಬಂದಳು. ಅಮ್ಮ ಚಾಕು ತಂದು, ಕಾವಲಿ ಇಟ್ಟ ಪೆಟ್ಟಿಗೆಯ ಟೇಪು ಕೊಯ್ದು ಚರ್ರೆಂದು ಎಳೆದಳು. ನೀರುದೋಸೆಗೆ ಅಕ್ಕಿಯನ್ನು ಬೆಳಿಗ್ಗೆಯೇ ಯಾರಿಗೂ ಹೇಳದೆ ನೆನೆಹಾಕಿದ್ದಳು. "ಗೆದ್ದಾಗ ಮಾತ್ರ ಈ ಪೆಟ್ಟಿಗೆ ಬಿಚ್ಚುವುದು, ಹೇಳಿದ್ದೇನೆ," ಎಂದಳು. ಮರುದಿನ ಕಾವಲಿ ತೊಳೆದು, ತುಕ್ಕು ಹಿಡಿಯದ ಹಾಗೆ ತೆಂಗಿನೆಣ್ಣೆ ಸವರಿ, ಮತ್ತೆ ಒಳಗಿಟ್ಟು ಹಳೇ ಟೇಪಿನ ಮೇಲೆಯೇ ಹೊಸ ಟೇಪು ಅಂಟಿಸಿದಳು.

ಫುಟ್‌ಬಾಲ್ ಗೆದ್ದರೆಷ್ಟು, ಬಿಟ್ಟರೆಷ್ಟು, ನನಗೆ ಆ ಮನೆ ಬೇಕಿತ್ತು. ಬಾಲ್ಕನಿಯ ಕರಿಬೇವಿನ ಕುಂಡ, ಎರಡು ಕಟ್ಟಡಗಳ ನಡುವೆ ಬೆರಳಗಲ ಕಾಣುವ ಸಮುದ್ರ, ಮೂರನೇ ಮಹಡಿಯಲ್ಲಿ ತಪ್ಪದೆ ನಡುಗುವ ಲಿಫ್ಟು, ಎಲ್ಲವೂ ಅಕ್ಕನ ಎರಡು ಕೈಗಳ ಮೇಲೆ ನಿಂತಿದ್ದವು. ಚೆಂಡು ಅವಳ ಕಡೆ ಬಂದಾಗಲೆಲ್ಲ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಎರಡನೇ ಮ್ಯಾಚೂ ಗೆದ್ದರು, ದೋಸೆ ಆಯಿತು. ಸೆಮಿಫೈನಲ್ಲಿನ ನಡುವೆ ಧೂಳಿನ ಬಿರುಗಾಳಿ ಎದ್ದು ಗೋಲ್‌ಕಂಬವೇ ಕಾಣದಂತಾಗಿ, ಆಟ ನಿಲ್ಲಿಸಿ ಮುಂದಿನ ವಾರ ಮೊದಲಿನಿಂದ ಆಡಿಸಿದರು. ಅದನ್ನೂ ಗೆದ್ದರು. ಅಷ್ಟು ಹೊತ್ತಿಗೆ ಎಲ್ಲರಿಗಿಂತ ಜೋರಾಗಿ "ಯಲ್ಲಾ ಸಹನಾ, ಯಲ್ಲಾ" ಎಂದು ಅರಬಿಯಲ್ಲಿ ಹುರಿದುಂಬಿಸುವವರು ಅಪ್ಪನೇ ಆಗಿದ್ದರು.

ಫೈನಲ್ ದೂರದ ಅಲ್ ಐನ್ ಪಟ್ಟಣದಲ್ಲಿ. ಎದುರು ಮನೆಯ ಧಾರವಾಡದ ಡಾಕ್ಟರ್ ಪಾಟೀಲ್ ಆಂಟಿ ತಮ್ಮ ದೊಡ್ಡ ಕಾರಿನಲ್ಲಿ ನಮ್ಮನ್ನೆಲ್ಲ ತುಂಬಿಕೊಂಡು ಹೊರಟರು. ಅರ್ಧ ದಾರಿಯಲ್ಲಿ ನನಗೆ ಹೊಳೆಯಿತು: ಇದರ ನಂತರ ಮ್ಯಾಚೇ ಇಲ್ಲ. ಸೋತರೂ ಹೊರಡಬೇಕು, ಗೆದ್ದರೂ ಹೊರಡಬೇಕು. ಆಟದುದ್ದಕ್ಕೂ ನಾನು ಧೂಳು ಏಳಲೆಂದು ದೇವರನ್ನು ಬೇಡಿದೆ. ಹಾಳಾದ ಆಕಾಶ, ಒರೆಸಿಟ್ಟ ಹಾಗೆ ಸ್ವಚ್ಛ. ಯಾರೂ ಗೋಲು ಹೊಡೆಯಲಿಲ್ಲ. ಮುಂದಿನ ವಾರ ಮತ್ತೆ ಆಡಿಸುತ್ತಾರೆಂದು ನಾನು ಕುಣಿಯುತ್ತಿದ್ದರೆ ರೆಫರಿ ಚೆಂಡನ್ನು ಪೆನಾಲ್ಟಿಗೆ ಇಟ್ಟ. ಫೈನಲ್ಲನ್ನು ಅರ್ಧಕ್ಕೆ ಬಿಡುವುದಿಲ್ಲವೆಂದು ಅಪ್ಪ ಹೇಳಿದಾಗ ನಾನು ಕುಣಿಯುವುದನ್ನು ಬಿಟ್ಟು ಕುಳಿತೆ. ಕೊನೆಯ ಹೊಡೆತಕ್ಕೆ ಅಕ್ಕ ಎಡಕ್ಕೆ ಹಾರಿದಳು. ಚೆಂಡು ಅವಳ ಬೆರಳ ತುದಿಗೆ ತಾಗಿ ಕಂಬದ ಹೊರಗೆ ಹೋಯಿತು. ಅಪ್ಪ ಅಮ್ಮನನ್ನು ಎಲ್ಲರೆದುರೇ ಅಪ್ಪಿಕೊಂಡರು. ನಾನು ಬಿಕ್ಕಿ ಬಿಕ್ಕಿ ಅತ್ತೆ.

"ಯಾಕ ಕೂಸ, ನಿಮ್ಮಕ್ಕ ಗೆದ್ದಾಳಲ್ಲ, ಅಳಾಕತ್ತೀಯಲ್ಲ?" ಎಂದರು ಪಾಟೀಲ್ ಆಂಟಿ, ತಮ್ಮ ಕಣ್ಣೂ ಒರೆಸಿಕೊಳ್ಳುತ್ತ.

ಮನೆಗೆ ಬಂದೆವು. ಮಿಕ್ಕೆಲ್ಲ ಪೆಟ್ಟಿಗೆಗಳನ್ನು ಕಾರ್ಗೋದವರು ಬೆಳಿಗ್ಗೆಯೇ ಒಯ್ದಿದ್ದರು. ಕಾವಲಿಯ ಪೆಟ್ಟಿಗೆಯೊಂದನ್ನು ಅಮ್ಮ ಕೊಟ್ಟಿರಲಿಲ್ಲ, ಅಕ್ಕಿಯೂ ನೆನೆದಿತ್ತು. ಖಾಲಿ ಹಾಲ್‌ನ ನೆಲದ ಮೇಲೆ ಕುಳಿತು ನಾಲ್ವರೂ ಹೊಟ್ಟೆ ಬಿರಿಯುವಷ್ಟು ತಿಂದೆವು. ಮರುದಿನ ಐದನೇ ಟೇಪನ್ನು ಅಂಟಿಸಿದವಳು ಅಕ್ಕ. ಅವಳ ಕೈಗವಸೂ ಅದರೊಳಗೇ ಹೋಯಿತು.

ಉಡುಪಿಯ ಕಾಲೇಜಿನಲ್ಲಿ ಹುಡುಗಿಯರ ಫುಟ್‌ಬಾಲ್ ತಂಡವಿರಲಿಲ್ಲ. ಆಡದೆ ಗೆಲ್ಲುವುದೆಲ್ಲಿಂದ? ಅಮ್ಮ ಮಾತಿಗೆ ತಪ್ಪದವಳು. ಬೇರೆ ಕಾವಲಿ ಕೊಂಡಳು, ಪೆಟ್ಟಿಗೆ ಅಟ್ಟ ಸೇರಿತು. ಈಗ ಅಮ್ಮ ಹೋಗಿ ಎರಡು ವರ್ಷ. ಮೊನ್ನೆ ಅದನ್ನು ಅಟ್ಟದಿಂದ ಇಳಿಸಿ, ಮಡಿಲಲ್ಲಿಟ್ಟುಕೊಂಡು ಅಕ್ಕನಿಗೆ ಫೋನ್ ಮಾಡಿದೆ.

"ಬಿಚ್ಚಲಾ?"

"ಈಗ ಯಾವ ಮ್ಯಾಚ್ ಗೆದ್ದಿದ್ದೇವೆ ಮಾರಾಯ್ತಿ?"

ಪೆಟ್ಟಿಗೆಯನ್ನು ಹಾಗೆಯೇ ಹೊಸ ಮನೆಗೆ ತಂದಿದ್ದೇನೆ. ಅಮ್ಮ ಎಣ್ಣೆ ಸವರಿಯೇ ಇಟ್ಟದ್ದು, ತುಕ್ಕು ಹಿಡಿದಿರಲಿಕ್ಕಿಲ್ಲ.