ಶಿವನಿಯ ಇನ್ನೊಂದು ಗಂಟೆ

ಎಪ್ಪತ್ತಾರನೇ ಇಸವಿಯ ಒಂದು ಭಾನುವಾರ ಬೆಳಿಗ್ಗೆ, ಈ ಕತೆ ಹೇಳುತ್ತಿರುವ ಮಹಾಶಯ ಅರ್ಧ ಮುಖಕ್ಕೆ ಸೋಪಿನ ನೊರೆ, ಕಂಕುಳಲ್ಲಿ ಚೀಲ, ಒಂದೇ ಕಾಲಿಗೆ ಚಪ್ಪಲಿ ಎಂಬ ಅವತಾರದಲ್ಲಿ ಶಿವನಿ ಸ್ಟೇಷನ್ನಿಗೆ ಓಡಿದ. ಊರಿನ ಶಾಲೆಗೆ ಮೇಷ್ಟ್ರಾಗಿ ಬಂದು ವಾರವೂ ಆಗಿರಲಿಲ್ಲ. ಅವತ್ತು ಕಡೂರಿಗೆ ಹೆಣ್ಣು ನೋಡಲು ಹೋಗಬೇಕಿತ್ತು. ಗಂಟೆ ಢಣ್ ಎಂದು ಕೇಳಿದ್ದೇ ತಡ, ರೈಲು ಬಂತೆಂದು ಹೊರಟುಬಿಟ್ಟಿದ್ದ.

ಪ್ಲಾಟ್‌ಫಾರ್ಮಿನಲ್ಲಿ ಒಂದು ನಾಯಿ ಮಲಗಿತ್ತು. ಪೋರ್ಟರ್ ಸಣ್ಣಬೀರಪ್ಪ ಬಾಯಿಂದ ಬೀಡಿ ತೆಗೆದು, "ಆ ಗಂಟೆ ನಮ್ದಲ್ಲ ಕಣ್ರೀ ಮೇಷ್ಟ್ರೇ, ಸುವಾರ್ತಮ್ಮಂದು," ಎಂದು ಗೇಟಿನ ಆಚೆ ತೋರಿಸಿದ. "ಎರಡು ಗಂಟೇನೂ ಒಂದೇ ಕಂಬಿ ಕೊಯ್ದಿದ್ದು, ಸದ್ದೂ ಒಂದೇ. ಹೊಸಬ್ರೆಲ್ಲ ಒಂದ್ಸಲ ಓಡಿ ಬತ್ತಾರೆ. ರೈಲಿಗೆ ಇನ್ನೂ ಹೊತ್ತೈತೆ, ಆ ಕಡೆ ಕೆನ್ನೇನೂ ಕೆರ್ಕೊಂಡ್ ಬನ್ನಿ."

ಗೇಟಿನಾಚೆ ಕ್ರೈಸ್ತರ ಹೆಂಚಿನ ಪ್ರಾರ್ಥನಾ ಮನೆ. ಅದರ ಮುಂದಿನ ಬೇವಿನ ಮರಕ್ಕೆ ರೈಲುಕಂಬಿಯ ತುಂಡೊಂದನ್ನು ಕಟ್ಟಿದ್ದರು. ಪಕ್ಕದಲ್ಲಿ ಸುತ್ತಿಗೆ ಹಿಡಿದ ಹೆಂಗಸು. ಅವಳು ನೋಡಿದಳು, ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಸುವಾರ್ತಮ್ಮ ಹುಟ್ಟಿದಾಗ ಓಬಮ್ಮ, ಸಖರಾಯಪಟ್ಟಣದ ಕಡೆಯವಳು. ರೈಲು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಸಮಾಧಾನಪ್ಪನ ಕೈಹಿಡಿಯುವಾಗ ದೀಕ್ಷಾಸ್ನಾನ ಪಡೆದು ಹೆಸರು ಬದಲಾಯಿಸಿಕೊಂಡಳು. ಆಗ ಪ್ರಾರ್ಥನೆಗೆ ಏಳೆಂಟು ಮನೆಯವರು ಸೇರುತ್ತಿದ್ದರು. ಸ್ಟೇಷನ್ನಿನ ಗಂಟೆಗೆಂದು ಕೊಯ್ದ ಕಂಬಿಯಲ್ಲಿ ಮಿಕ್ಕಿದ್ದನ್ನು ರೈಲ್ವೆ ಸಾಹೇಬರನ್ನು ಕೇಳಿ ತಂದು ಕಟ್ಟಿದವನು ಸಮಾಧಾನಪ್ಪ; ಭಾನುವಾರ ಬಾರಿಸುವುದು ಅವನ ಹೆಂಡತಿಯ ಪಾಲಿಗೆ ಬಂತು.

ಎಂಬತ್ತರಲ್ಲಿ ಕಾಮಾಲೆಯಾಗಿ ಸಮಾಧಾನಪ್ಪ ಹೋದ. ಕ್ವಾರ್ಟರ್ಸ್ ಬಿಟ್ಟು ತಾಯಿ ಮಗಳು ಪ್ರಾರ್ಥನಾ ಮನೆಯ ಹಿಂದಿನ ಗುಡಿಸಲಿಗೆ ಬಂದರು. ಮರುವರ್ಷ ಮಗಳು ಎಸ್ತೇರಿಗೆ ಮಿದುಳು ಜ್ವರ. ಅಜ್ಜಂಪುರಕ್ಕೆ, ಅಲ್ಲಿಂದ ತರೀಕೆರೆಗೆ, ಬಸ್ಸಿನಲ್ಲಿ ಹುಡುಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸುವಾರ್ತಮ್ಮ ದಾರಿಯುದ್ದಕ್ಕೂ ಪ್ರಾರ್ಥಿಸಿದಳು. ವಾಪಸ್ಸು ಬರುವಾಗ ಅವಳೊಬ್ಬಳೇ ಇದ್ದಳು. ಪ್ರಾರ್ಥಿಸಲಿಲ್ಲ.

ಅಷ್ಟರಲ್ಲಿ ಉಳಿದ ಮನೆಯವರೆಲ್ಲ ಕೆಲಸ ಹುಡುಕಿಕೊಂಡು ಭದ್ರಾವತಿ ಸೇರಿದ್ದರು. ತಿಂಗಳಿಗೊಮ್ಮೆ ತರೀಕೆರೆಯಿಂದ ಬರುತ್ತಿದ್ದ ವಯಸ್ಸಾದ ಪಾದ್ರಿ ಅಯ್ಯನೋರಿಗೆ ಅವಳು ಹೇಳಿದಳು: "ಪ್ರಾರ್ಥನೆ ಬಾಯಿಗೆ ಬತ್ತಿಲ್ಲ. ಕಣ್ಮುಚ್ಚಿದ್ರೆ ಆ ಬಸ್ಸೇ ಕಾಣುತ್ತೆ. ದೇವ್ರು ಇದಾನೋ ಇಲ್ವೋ ಅದೂ ಗೊತ್ತಾಗ್ತಿಲ್ಲ."

ಅಯ್ಯನೋರು ಕೊಡೆಯನ್ನು ಗೋಡೆಗೆ ಒರಗಿಸಿದರು. ಆಮೇಲೆ, "ಗಂಟೆ ಹೊಡೆಯಕ್ಕಾಗುತ್ತೇನಮ್ಮ?" ಎಂದರು.

"ಕೈಗೇನಾಗಿದೆ, ಚೆನ್ನಾಗೇ ಐತೆ."

"ಹಂಗಾದ್ರೆ ಹೊಡಿ. ಮಿಕ್ಕಿದ್ದು ಆಮೇಲೆ ನೋಡಣ."

ಆ ಬೇಸಿಗೆಯಲ್ಲೇ ಅಯ್ಯನೋರೂ ತೀರಿಕೊಂಡರು. ಅವರ ಜಾಗಕ್ಕೆ ಯಾರೂ ಬರಲಿಲ್ಲ.

ಸುವಾರ್ತಮ್ಮನ ತಮ್ಮ ಕಲ್ಲಪ್ಪ ಅವಳನ್ನು ತವರಿಗೆ ಕರೆದೊಯ್ಯಲು ಬಂದ. "ಆ ದೇವ್ರು ಭಾವನ್ನ ಕರ್ಕೊಂಡ, ಮಗೀನೂ ಕರ್ಕೊಂಡ. ಇನ್ನೇನ್ ಕೊಡ್ಬೇಕು ಅಂತ ಇಲ್ಲಿ ಕೂತಿದೀಯಕ್ಕ? ಊರಮ್ಮನ ಗುಡೀಲಿ ಒಂದು ಹಣ್ಣುಕಾಯಿ ಮಾಡ್ಸಿ ಮತ್ತೆ ಓಬಮ್ಮ ಆಗ್ಬಿಡು. ತೋಟದ ಕಡೆ ಕೋಣೆ ನಿಂದೇ."

ಕಲ್ಲಪ್ಪ ಕೆಟ್ಟವನಲ್ಲ. ಅವಳಿಗೂ ಸಾಕಾಗಿತ್ತು. ಟ್ರಂಕು ಕಟ್ಟಿದಳು. ಆದರೆ ಅವತ್ತು ಭಾನುವಾರ.

"ಇರು ಕಣೋ, ಬಾರಿಸಿ ಬತ್ತೀನಿ," ಎಂದು ಹೋದವಳು ಕಂಬಿ ಹೊಡೆದು, ಪ್ರಾರ್ಥನಾ ಮನೆಯೊಳಗೆ ಹೋಗಿ ಚಾಪೆಯ ಮೇಲೆ ಕೂತುಬಿಟ್ಟಳು. ಕಲ್ಲಪ್ಪ ಟ್ರಂಕಿನ ಮೇಲೆ ಕೂತೇ ಇದ್ದ. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ಕೊನೆಗೆ ಇಣುಕಿ ನೋಡಿದ. ಖಾಲಿ ಮನೆಯಲ್ಲಿ ಅಕ್ಕ ಕಣ್ಣು ಬಿಟ್ಟುಕೊಂಡೇ ಕೂತಿದ್ದಳು.

"ಅಕ್ಕಾ, ಅಷ್ಟೊತ್ತಿಂದ ಏನ್ ಬೇಡ್ಕೊಂತಿದೀಯ?"

"ಬೇಡ್ತಿಲ್ಲ ಕಣೋ. ಜಗಳ ಆಡ್ತಿದೀನಿ. ಮಧ್ಯದಲ್ಲಿ ಎದ್ದು ಹೆಂಗ್ ಬರ್ಲಿ?"

ಕಲ್ಲಪ್ಪ ಟ್ರಂಕನ್ನು ಮತ್ತೆ ಗುಡಿಸಲಿನೊಳಗಿಟ್ಟು, ತಂದಿದ್ದ ತೆಂಗಿನಕಾಯಿಗಳನ್ನು ಬಾಗಿಲಲ್ಲಿ ಸುರಿದು ಹೋದ.

ಜಗಳ ಬೇಗ ಮುಗಿಯುವಂಥದಾಗಿರಲಿಲ್ಲ. ವಾರವಿಡೀ ಅಜ್ಜಂಪುರದ ಅಕ್ಕಿ ಗಿರಣಿಯಲ್ಲಿ ತೌಡು ಗುಡಿಸಿ ಕೆಮ್ಮುವುದು, ಭಾನುವಾರ ಕಂಬಿ ಬಾರಿಸಿ ಒಬ್ಬಳೇ ಕೂರುವುದು. ಯಾವಾಗಲೋ ಒಂದು ದಿನ ಜಗಳದ ನಡುವೆ ಎಸ್ತೇರಿಯ ಹೆಸರು ಹೇಳಿ, "ಅವಳನ್ನ ಚೆನ್ನಾಗಿ ನೋಡ್ಕೋ" ಎಂದುಬಿಟ್ಟಳಂತೆ. ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು, ಇದು ಪ್ರಾರ್ಥನೆ ಎಂದು. ಬಸ್ಸು ಮಾತ್ರ ಈಗಲೂ ಕಾಣುತ್ತದೆ.

ಎಂದೋ ವರ್ಗವಾಗಿ ಹೋಗಿದ್ದ ಈ ಕತೆಗಾರ ಎಂಬತ್ತೇಳರಲ್ಲಿ ಶಿವನಿ ಊರಿಗೆ ಮತ್ತೆ ಬಂದ. ಕಡೂರಿನ ಹೆಣ್ಣು ಇವನನ್ನು ಒಪ್ಪಿರಲಿಲ್ಲ. ತಲೆಯಲ್ಲಿ ಕೂದಲೂ ಹೆಚ್ಚಿಗೆ ಉಳಿದಿರಲಿಲ್ಲ. ಸುತ್ತಿಗೆ ಬಿದ್ದ ಕಡೆ ಕಂಬಿ ತಗ್ಗಾಗಿತ್ತು. ಸುವಾರ್ತಮ್ಮ ಬಡಕಲಾಗಿದ್ದಳು.

"ಇಷ್ಟು ವರ್ಷ ಬಾರಿಸಿದ್ರಲ್ಲ ಸುವಾರ್ತಮ್ಮ," ಎಂದು ಅವನು ಕೇಳಿದ, "ನಿಜ ಹೇಳಿ, ಇದು ಯಾರಿಗಾದ್ರೂ ಕೇಳ್ಸುತ್ತೆ ಅಂತೀರಾ?"

ಅವಳು ಸುತ್ತಿಗೆ ಕೆಳಗಿಟ್ಟು, ಅವನ ಕೆನ್ನೆಯನ್ನೊಮ್ಮೆ ನೋಡಿದಳು.

"ಕೇಳ್ಸುತ್ತೆ ಮೇಷ್ಟ್ರೇ. ಕೇಳ್ಸ್ಕೊಂಡೋರು ಸ್ಟೇಷನ್ನಿಗೆ ಓಡ್ತಾರೆ."