ದುಂಡು ತೇಪೆ

ಮನೆಯಲ್ಲಿ ಅವಳನ್ನು ದೊಡ್ಡವಳು ಎಂದು ಕರೆಯುತ್ತಿದ್ದರು, ಕೆಲಸದ ಜಾಗದಲ್ಲೂ ಅದೇ ಹೆಸರು. ಹುಟ್ಟಿನಿಂದ ಬಂದ ಹೆಸರೇನಲ್ಲ. ಮೈದುನನ ಮದುವೆಯಾಗಿ, ಚಿಕ್ಕವಳು ಎನಿಸಿಕೊಳ್ಳುವವಳೊಬ್ಬಳು ಹೊಸ್ತಿಲು ದಾಟಿ ಒಳಗೆ ಬಂದ ದಿನ ಇವಳಿಗೆ ದೊಡ್ಡವಳೆಂಬ ಪಟ್ಟ ಸಿಕ್ಕಿತು. ಪಟ್ಟ ಸಿಕ್ಕಿದ್ದಕ್ಕೆ ಅವಳು ಹಿಗ್ಗಿದ್ದೂ ಉಂಟು. ಪಾಪ, ಮುಂದಾಗುವುದು ಗೊತ್ತಿರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದುದು ಲೇತ್ ಅಂಗಡಿಗಳ ಬೀದಿಯ ಕೊನೆಯ ಶೆಡ್ಡಿನಲ್ಲಿ. ಮೊದಲು ಅಲ್ಲಿ ಲಾರಿಗಳಿಗೆ ಹೊದಿಸುವ ಟಾರ್ಪಾಲು ಹೊಲಿಯುತ್ತಿದ್ದರು. ಆಮೇಲೆ ಯಜಮಾನರು, ಯಾರು ಅವರ ತಲೆಗೆ ತುಂಬಿದರೋ, ಸಣ್ಣ ವಿಮಾನಗಳಿಗೆ ಪೆಟ್ರೋಲು ಒಯ್ಯುವ ಚೀಲ ಮಾಡಲು ಹೊರಟರು. ಪೆಟ್ರೋಲನ್ನು ಚೀಲದಲ್ಲಿ ತುಂಬುವುದೇ ಎಂದು ಬೀದಿಯವರೆಲ್ಲ ನಕ್ಕರು. ನಗುವವರಿಗೆ ಏನು ಗೊತ್ತು? ಸಣ್ಣ ವಿಮಾನದ ರೆಕ್ಕೆಯೊಳಗೆ ಹಿಡಿಸುವ ಪೆಟ್ರೋಲು ದೂರದ ದಾರಿಗೆ ಸಾಲುವುದಿಲ್ಲ. ಕ್ಯಾನಿನಲ್ಲಿ ಒಯ್ದರೆ, ಖಾಲಿಯಾದ ಮೇಲೂ ಕ್ಯಾನು ತುಂಬಿದಷ್ಟೇ ಜಾಗ ಹಿಡಿದು ಕೂರುತ್ತದೆ. ಚೀಲ ಹಾಗಲ್ಲ. ತುಂಬಿದಾಗ ದಪ್ಪ ದಿಂಬಿನಂತೆ ಹಿಂದಿನ ಸೀಟಿನಲ್ಲಿ ಪಟ್ಟಿ ಬಿಗಿಸಿಕೊಂಡು ಬಿದ್ದಿರುತ್ತದೆ. ಇಳಿದ ಕಡೆ ರೆಕ್ಕೆಗೆ ಸುರಿದುಕೊಂಡರೆ ಸುರುಳಿ ಸುತ್ತಿ ಸೀಟಿನ ಕೆಳಗೆ ತುರುಕಬಹುದು.

ರಬ್ಬರು ಲೇಪಿಸಿದ ಗಟ್ಟಿ ಬಟ್ಟೆ ಕತ್ತರಿಸುವುದು, ಅಂಚಿಗೆ ಅಂಟು ಬಳಿಯುವುದು, ಬೆರಳಿಟ್ಟರೆ ಎಳೆಯಬೇಕು ಆದರೆ ಅಂಟಿಕೊಳ್ಳಬಾರದು ಎನ್ನುವಷ್ಟು ಆರುವವರೆಗೆ ಕಾಯುವುದು, ಅಂಚಿನ ಮೇಲೆ ಅಂಚಿಟ್ಟು ಉರುಳೆಯಿಂದ ಒತ್ತುವುದು, ಮೂಲೆಗಳಿಗೆ ತೇಪೆ ಹಾಕುವುದು. ಇಷ್ಟನ್ನೂ ಶೆಡ್ಡಿನಲ್ಲಿ ಮೊದಲು ಕಲಿತವಳು ದೊಡ್ಡವಳು. ಅಷ್ಟೇ ಅಲ್ಲ, ಸಿದ್ಧವಾದ ಚೀಲಗಳನ್ನು ಪರೀಕ್ಷೆ ಮಾಡುವ ಕೆಲಸವೂ ಅವಳದೇ. ಚೀಲಕ್ಕೆ ಗಾಳಿ ತುಂಬಿ, ಸಂದುಗಳ ಮೇಲೆ ಬ್ರಷ್ಷಿನಿಂದ ಸೋಪಿನ ನೀರು ಬಳಿದು, ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಗುಳ್ಳೆ ಎದ್ದರೆ ಚೀಲ ವಾಪಸ್ಸು. ಅವಳು ಸರಿ ಎನ್ನದೆ ಒಂದು ಚೀಲವೂ ಬಾಗಿಲು ದಾಟುತ್ತಿರಲಿಲ್ಲ. ಅವಳೇ ಮಾಡಿದ ಚೀಲವನ್ನು ಯಾರು ನೋಡುತ್ತಿದ್ದರು ಎನ್ನುತ್ತೀರಾ? ಅದನ್ನೂ ಅವಳೇ ನೋಡುತ್ತಿದ್ದಳು. ಅವಳ ಮೇಲೆ ಇನ್ನು ಯಾರಿದ್ದರು?

ಚಿಕ್ಕವಳನ್ನು ಆ ಶೆಡ್ಡಿಗೆ ಕೈಹಿಡಿದು ಕರೆತಂದವಳೂ ಅವಳೇ. ಮನೆಯಲ್ಲಿ ಸುಮ್ಮನೆ ಕೂತು ಏನು ಮಾಡುತ್ತಾಳೆ, ಜೊತೆಗೆ ಬರಲಿ, ಹೋಗುವಾಗ ಬರುವಾಗ ಮಾತಿಗೊಂದು ಜನ ಆಗುತ್ತದೆ ಎಂದುಕೊಂಡಿದ್ದಳು. ಪಕ್ಕದಲ್ಲಿ ಕೂರಿಸಿಕೊಂಡು ಬ್ರಷ್ಷು ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದಳು. ಸ್ವಲ್ಪ ದಿನಕ್ಕೆ, “ನಮ್ಮ ಚಿಕ್ಕವಳ ಕೈ ಚೆನ್ನಾಗಿ ಓಡುತ್ತೆ,” ಎಂದು ಯಜಮಾನರ ಮುಂದೆ ತಾನೇ ಹೊಗಳಿದಳು. ಇನ್ನು ಸ್ವಲ್ಪ ದಿನಕ್ಕೆ ಯಜಮಾನರು ಅದೇ ಮಾತನ್ನು ದೊಡ್ಡವಳ ಮುಂದೆ ಹೇಳಿದರು. ಅದೇ ಮಾತು, ಅದೇ ಕಿವಿ, ಆದರೆ ಈ ಸಲ ಒಳಗೆ ಚುರುಕ್ ಎಂದಿತು.

ಅಲ್ಲಿಂದಾಚೆಗೆ ಆ ಉರಿ ಆರಲಿಲ್ಲ. ಚಿಕ್ಕವಳ ತೇಪೆ ಬೇರೆಯವರ ತೇಪೆಯಂತೆ ಚೌಕವಲ್ಲ. ಅಂಟಿನ ಡಬ್ಬಿಯ ಮುಚ್ಚಳವನ್ನು ಬಟ್ಟೆಯ ಮೇಲಿಟ್ಟು, ಸುತ್ತ ಗೆರೆ ಎಳೆದು ದುಂಡಗೆ ಕತ್ತರಿಸುತ್ತಿದ್ದಳು. ಚೌಕ ತೇಪೆಯ ಮೂಲೆ ಉಜ್ಜಿ ಉಜ್ಜಿ ಏಳುತ್ತದೆ, ದುಂಡಗಿದ್ದರೆ ಏಳುವುದಕ್ಕೆ ಮೂಲೆಯೇ ಇಲ್ಲವಲ್ಲ ಎಂದು ಅವಳ ವಾದ. ಮಾತು ಸರಿಯಾಗಿತ್ತು. ಸರಿಯಾಗಿತ್ತೆಂದೇ ದೊಡ್ಡವಳು ಕೊನೆಯವರೆಗೂ ಚೌಕ ತೇಪೆ ಬಿಡಲಿಲ್ಲ.

ಮನೆಯಲ್ಲಾದರೂ ನೆಮ್ಮದಿಯೇ? ಅದೂ ಇಲ್ಲ. ಸಂಜೆ ದಣಿದು ಬಂದು ದೊಡ್ಡವಳು ಅತ್ತೆಗೆ ಚಹಾ ಮಾಡಿಕೊಟ್ಟರೆ, ಅತ್ತೆ ಒಂದು ಗುಟುಕು ಕುಡಿದು, “ಚೆನ್ನಾಗಿದೆ, ಚಿಕ್ಕವಳು ಮಾಡಿದ್ಲಾ?” ಎಂದು ಕೇಳುತ್ತಿದ್ದರು. ದೊಡ್ಡವಳು ಲೋಟ ಎತ್ತಿಕೊಂಡು ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ಹೊಟ್ಟೆಯೊಳಗಿನ ಕಿಚ್ಚಿಗೆ ಎಲ್ಲಾದರೂ ಒಂದು ದಾರಿ ಬೇಕಲ್ಲ. ದೊಡ್ಡವಳ ಕಿಚ್ಚು ಪರೀಕ್ಷೆಯ ಮೇಜಿನ ಮೇಲೆ ಹರಿಯಿತು. ಚಿಕ್ಕವಳ ಚೀಲ ಕೈಗೆ ಬಂದರೆ ಸಾಕು, ತಲೆಯಲ್ಲಿ ಹೇನು ಹುಡುಕುವವಳಂತೆ ಸಂದು ಸಂದನ್ನೂ ಬಿಡಿಸಿ ನೋಡುತ್ತಿದ್ದಳು. ಒಂದು ಸಲ ಸೋಪು ಬಳಿದು ಸಮಾಧಾನವಾಗದೆ ಇನ್ನೊಂದು ಸಲ ಬಳಿಯುತ್ತಿದ್ದಳು. ಬಿಸಿಲಿಗಿಟ್ಟು ನೋಡುತ್ತಿದ್ದಳು, ಮೇಲೆ ಕೂತು ನೋಡುತ್ತಿದ್ದಳು. ಒಂದು ಗುಳ್ಳೆ, ಒಂದೇ ಒಂದು ಗುಳ್ಳೆ ಏಳಲಿ ಎಂದು ಅವಳು ಬೇಡಿಕೊಂಡಂತೆ ಯಾರೂ ಏನನ್ನೂ ಬೇಡಿಕೊಂಡಿರಲಾರರು. ಗುಳ್ಳೆ ಏಳುತ್ತಿರಲಿಲ್ಲ. ಕೊನೆಗೆ ಹಲ್ಲು ಕಚ್ಚಿಕೊಂಡು, “ಸರಿ ಇದೆ, ತಗೊಂಡು ಹೋಗು,” ಎನ್ನುತ್ತಿದ್ದಳು. ತನ್ನ ಚೀಲವಾದರೆ ಒಂದು ಸುತ್ತು ಸೋಪು ಬಳಿದು, ಬೆನ್ನು ತಟ್ಟಿ, ಪಕ್ಕಕ್ಕಿಡುತ್ತಿದ್ದಳು. ಹೆತ್ತವಳಿಗೆ ಮಗುವಿನ ಮೂಗು ಸೊಟ್ಟಗೆ ಕಾಣುವುದಿಲ್ಲ ನೋಡಿ.

ಹೀಗಿರುವಾಗ ಶೆಡ್ಡಿಗೆ ಒಬ್ಬ ಪೈಲಟ್ ಬಂದ. ದಪ್ಪ ಮನುಷ್ಯ, ಬಾಯಿ ತುಂಬ ಮಾತು. ದ್ವೀಪಗಳಿಗೆ ಔಷಧಿ, ಟಪಾಲು ಒಯ್ಯುವ ಕೆಲಸ ಹಿಡಿದಿದ್ದ. ಅವನಿಗೆ ಎರಡು ಚೀಲ ಬೇಕಿತ್ತು.

“ಮೇಲೆ ಹೋದ ಹಾಗೆ ಚೀಲದೊಳಗೆ ಉಳಿದ ಗಾಳಿ ಹಿಗ್ಗುತ್ತೆ,” ಎಂದ ಅವನು, ಮೇಜಿಗೆ ಒರಗಿಕೊಂಡು. “ಸಂದು ಎಲ್ಲಿ ಸಡಿಲ ಇದೆಯೋ ಅಲ್ಲೇ ಬಾಯಿ ಬಿಡೋದು. ಬೆನ್ನ ಹಿಂದೆ ಪೆಟ್ರೋಲು ತೊಟ್ಟಿಕ್ತಾ ಇದ್ರೆ ನಾನು ಎಲ್ಲಿ ಇಳೀಲಿ? ಕೆಳಗೆ ಬರೀ ನೀರು.”

ಯಜಮಾನರಿಗೆ ಆಗ ಒಂದು ಯೋಚನೆ ಹೊಳೆಯಿತು. ಪಕ್ಕದಲ್ಲೇ ಹೊಸ ಶೆಡ್ಡು ಏಳುತ್ತಿತ್ತು. ಅಲ್ಲಿನ ಕೆಲಸವನ್ನೆಲ್ಲ ನೋಡಿಕೊಳ್ಳಲು ಒಬ್ಬರನ್ನು ಕೂರಿಸಬೇಕಿತ್ತು. ಕುರ್ಚಿಯನ್ನು ಆಗಲೇ ತಂದು ಇಟ್ಟಿದ್ದರು. “ಒಂದು ಚೀಲ ದೊಡ್ಡವಳು ಮಾಡ್ಲಿ, ಇನ್ನೊಂದು ಚಿಕ್ಕವಳು ಮಾಡ್ಲಿ. ನೀವು ಹೋಗಿ ಬಂದು ಯಾವುದು ವಾಸಿ ಅಂತ ಹೇಳಿ. ಯಾರದ್ದು ವಾಸಿಯೋ ಅವರು ಹೊಸ ಶೆಡ್ ನೋಡಿಕೊಳ್ಳಲಿ,” ಎಂದರು.

ದೊಡ್ಡವಳ ಕಣ್ಣು ಆ ಕುರ್ಚಿಯ ಮೇಲೆ ನೆಟ್ಟಿತು. ಟಾರ್ಪಾಲಿನ ಕಾಲದಿಂದ ಇಲ್ಲಿ ಮಂಡಿ ಸವೆಸಿದವಳು ತಾನು. ನಿನ್ನೆ ಮೊನ್ನೆ ಬ್ರಷ್ಷು ಹಿಡಿದವಳ ಕೈಕೆಳಗೆ ಕೆಲಸ ಮಾಡಬೇಕಾಗಿ ಬಂದರೆ, ಮನೆಯಲ್ಲಿ ಅತ್ತೆ, ಇಲ್ಲಿ ಅವಳು, ಎರಡು ಕಡೆಯೂ ತಲೆ ತಗ್ಗಿಸಿಯೇ ಬದುಕಬೇಕು. ಅದೊಂದು ಆಗಬಾರದು.

ಇಬ್ಬರೂ ಕೈಯ ಬಳೆ, ಉಂಗುರ ತೆಗೆದಿಟ್ಟು ಎದುರುಬದುರು ಮೇಜಿನಲ್ಲಿ ಕೆಲಸಕ್ಕೆ ನಿಂತರು. ದೊಡ್ಡವಳ ಕೈ ತನ್ನ ಮೇಜಿನ ಮೇಲಿತ್ತು, ಕಣ್ಣು ಮಾತ್ರ ಎದುರಿನ ಮೇಜಿನ ಮೇಲೆ. ಚಿಕ್ಕವಳು ಅಂಟು ಎಷ್ಟು ತೆಳ್ಳಗೆ ಬಳಿದಳು, ಉರುಳೆಯನ್ನು ಎತ್ತ ಕಡೆಯಿಂದ ಎಳೆದಳು, ಎಲ್ಲ ಬೇಕಿತ್ತು ಇವಳಿಗೆ. ಹಾಗೆ ನೋಡುತ್ತ ನೋಡುತ್ತಲೇ ತನ್ನ ಚೀಲದ ಒಂದು ಮೂಲೆಯನ್ನು, ಅಂಟು ಇನ್ನೂ ಹಸಿಯಿರುವಾಗಲೇ, ಮುಚ್ಚಿ ಒತ್ತಿಬಿಟ್ಟಳು. ಕಲಿಯುವವರು ಮಾಡುವ ತಪ್ಪು ಅದು. ಅವಳಿಗೆ ಗೊತ್ತೇ ಆಗಲಿಲ್ಲ.

ಪರೀಕ್ಷೆಯ ದಿನ ಚಿಕ್ಕವಳ ಚೀಲಕ್ಕೆ ಮಾಡದ ಚಿತ್ರಹಿಂಸೆಯಿಲ್ಲ. ಅದು ಸುಮ್ಮನೆ ಉಬ್ಬಿಕೊಂಡು ಬಿದ್ದಿತ್ತು, ಒಂದು ಗುಳ್ಳೆಯಿಲ್ಲ. ತನ್ನ ಚೀಲಕ್ಕೆ ದೊಡ್ಡವಳು ಎಂದಿನಂತೆ ಒಂದು ಸುತ್ತು ಸೋಪು ಬಳಿದಳು. ಮೂಲೆಯನ್ನು ಮಗುಚಿ ನೋಡಲಿಲ್ಲ. ಎರಡೂ ಸರಿಯಿವೆ ಎಂದು ಚಿಕ್ಕವಳಿಗೆ ಕೊಟ್ಟಳು. ಒಣಗಿಸಿ, ಸುರುಳಿ ಸುತ್ತಿ, ಕಟ್ಟಿಡುವ ಕೆಲಸ ಚಿಕ್ಕವಳದು.

ಪೈಲಟ್ ಹೋದ. ಅವನು ವಾಪಸ್ಸು ಬರುವವರೆಗೆ ಓರಗಿತ್ತಿಯರ ನಡುವೆ ಮಾತು ಅಷ್ಟಕ್ಕಷ್ಟೆ. ಚಿಕ್ಕವಳು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ದೊಡ್ಡವಳಿಗೆ ಉರಿಯುತ್ತಿತ್ತು, ಕಿಟಕಿ ಬಿಟ್ಟುಕೊಟ್ಟರೆ ಇನ್ನೂ ಹೆಚ್ಚು ಉರಿಯುತ್ತಿತ್ತು.

ಕೊನೆಗೊಂದು ದಿನ ಪೈಲಟ್ ಎರಡೂ ಸುರುಳಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಮೇಜಿನ ಮೇಲೆ ಬಿಡಿಸಿ ಹರಡಿದ. ಶೆಡ್ಡಿನವರೆಲ್ಲ ಸುತ್ತ ನಿಂತರು.

“ಎರಡೂ ಚೆನ್ನಾಗಿವೆ. ಆದ್ರೆ ಒಂದನ್ನ ಹೇಳು ಅಂದ್ರೆ ಇದು,” ಎಂದು ದೊಡ್ಡವಳ ಚೀಲದ ಮೇಲೆ ಕೈಯಿಟ್ಟ. “ಕಟ್ಟಿದ ಪಟ್ಟಿಯ ಬಕಲ್ಲು ಜಾರಿ ದಾರಿಯುದ್ದಕ್ಕೂ ಈ ಮೂಲೆಗೇ ಉಜ್ಜಿದೆ. ಇಳಿದ ಮೇಲೆ ನೋಡಿ ನನ್ನ ಜೀವ ಬಾಯಿಗೆ ಬಂತು. ಈ ತೇಪೆ ಇಲ್ದೆ ಇದ್ದಿದ್ರೆ ನಾನು ಇಲ್ಲಿ ನಿಂತು ಮಾತಾಡ್ತಿರಲಿಲ್ಲ.”

ದೊಡ್ಡವಳು ಬಗ್ಗಿ ನೋಡಿದಳು. ಅವಳ ಚೌಕ ತೇಪೆಯ ಮೇಲೆ, ಅದನ್ನು ಪೂರ್ತಿ ಮುಚ್ಚಿ, ಇನ್ನೊಂದು ತೇಪೆ ಕೂತಿತ್ತು. ದುಂಡಗಿತ್ತು. ಡಬ್ಬಿಯ ಮುಚ್ಚಳದಷ್ಟೇ ದುಂಡಗೆ.

ಯಜಮಾನರು ಕೈಕುಲುಕಿದರು. ಯಾರೋ ಚಪ್ಪಾಳೆ ತಟ್ಟಿದರು. ಕುರ್ಚಿ ನಿನ್ನದೇ ಎಂದರು. ಅವಳ ಕಣ್ಣು ಆ ದುಂಡು ತೇಪೆ ಬಿಟ್ಟು ಏಳಲಿಲ್ಲ. ಚಿಕ್ಕವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಹಂಗಿಸಿದ್ದರೂ ತಡೆದುಕೊಳ್ಳಬಹುದಿತ್ತು. ಈ ಉಪಕಾರವನ್ನು ಎಲ್ಲಿಟ್ಟುಕೊಳ್ಳುವುದು? ಕೈಯಲ್ಲಷ್ಟೇ ಅಲ್ಲ, ಒಳ್ಳೆಯತನದಲ್ಲೂ ಅವಳೇ ಮೇಲೆ ಎಂದಾದರೆ ತನಗೆಂದು ಉಳಿದದ್ದಾದರೂ ಏನು?

ಶೆಡ್ಡಿನ ಹಿಂದಿನ ನಲ್ಲಿಯ ಹತ್ತಿರ ಚಿಕ್ಕವಳು ಕೈಯ ಅಂಟು ಉಜ್ಜಿ ತೊಳೆಯುತ್ತಿದ್ದಳು. ದೊಡ್ಡವಳು ಹೋಗಿ ಎದುರು ನಿಂತಳು.

“ಆ ತೇಪೆ ಯಾವಾಗ ಹಾಕಿದೆ?”

ಚಿಕ್ಕವಳು ತಲೆಯೆತ್ತಲಿಲ್ಲ. “ಎಲ್ಲರೂ ಊಟಕ್ಕೆ ಹೋದಾಗ. ಸುರುಳಿ ಸುತ್ತೋವಾಗ ಗದ್ದಕ್ಕೆ ಸಣ್ಣಗೆ ಗಾಳಿ ತಾಗ್ತು. ಆ ಮೂಲೆಯಿಂದ ಬರ್ತಿತ್ತು. ತೇಪೆ ಹಾಕಿ, ಅಂಟು ಆರಿದ ಮೇಲೆ ಮತ್ತೆ ಗಾಳಿ ತುಂಬಿ ನೋಡಿದೆ.”

“ಸುತ್ತೋವಾಗ ಚೀಲದ ಬಾಯಿಯ ಮುಚ್ಚಳ ತೆಗೆದು ಗಾಳಿ ಬಿಡ್ತೀವಲ್ಲ. ಮೂಲೆಯಿಂದ ಹೇಗೆ ಬರುತ್ತೆ?”

“ಮುಚ್ಚಳ ಬಿಗಿ ಮಾಡಿದ್ದೆ.”

“ಯಾಕೆ?”

ಚಿಕ್ಕವಳು ನಲ್ಲಿ ನಿಲ್ಲಿಸಿದಳು. “ನಿಮ್ಮ ಚೀಲ ಆದ್ರೆ ನಾನು ಯಾವಾಗ್ಲೂ ಮುಚ್ಚಳ ಬಿಗಿ ಮಾಡೇ ಸುತ್ತಿ ನೋಡೋದು ಅಕ್ಕ.”

“ಬೇರೆಯವರದ್ದು?”

“ತೆಗೆದೇ ಸುತ್ತೋದು.”

ದೊಡ್ಡವಳಿಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ, ಒಂದು ಹೆಜ್ಜೆ ಮುಂದೆ ಬಂದಳು. “ನನ್ನ ಚೀಲದಲ್ಲಿ ತೂತು ಹುಡುಕ್ತಿದ್ಯಾ?”

“ಬಂದಾಗಿನಿಂದ,” ಎಂದಳು ಚಿಕ್ಕವಳು. ಈಗ ಅವಳ ದನಿಯೂ ಬಿಸಿಯಾಗಿತ್ತು. “ಏನು ಮಾಡ್ಲಿ? ಇಲ್ಲಿ ನೋಡಿದ್ರೆ ದೊಡ್ಡವಳು ಹೇಳಿದ್ದೇ ಹೇಳಿದ್ದು. ಮನೇಲಿ ಅತ್ತೆಗೆ ನಾನು ಚಹಾ ಮಾಡಿಕೊಟ್ರೂ, ಚೆನ್ನಾಗಿದೆ, ದೊಡ್ಡವಳು ಮಾಡಿದ್ಲಾ ಅಂತಾರೆ. ಎಷ್ಟು ದಿನ ಅಂತ ಕೇಳಿಸಿಕೊಳ್ಳೋದು?”

“ನಿನಗೂ ಹಾಗಂತಾರಾ?” ಎಂದಳು ದೊಡ್ಡವಳು, ಬಿಟ್ಟ ಬಾಯಿ ಬಿಟ್ಟ ಹಾಗೇ.

“ತೂತು ಸಿಕ್ಕಿದಾಗ ಎಷ್ಟು ಖುಷಿ ಆಯ್ತು ಗೊತ್ತಾ ಅಕ್ಕ. ಯಜಮಾನರ ಬಾಗಿಲವರೆಗೂ ಹೋಗಿದ್ದೆ. ಆಮೇಲೆ ಅನ್ನಿಸ್ತು, ಹೇಳಿದ್ರೆ ಕುರ್ಚಿ ನನಗೇ ಸಿಗುತ್ತೆ, ಆದ್ರೆ ದೊಡ್ಡವಳು ಜಾರಿ ಬಿದ್ಲು, ಇವಳು ಹತ್ತಿ ಕೂತ್ಲು ಅಂತಾರೆ. ನನಗೆ ಹಾಗೆ ಬೇಡ. ನಿಮ್ಮ ಚೀಲ ಗಟ್ಟಿಯಾಗಿರಬೇಕು. ಅದರ ಪಕ್ಕದಲ್ಲಿಟ್ಟು, ಇವಳದ್ದೇ ವಾಸಿ ಅನ್ನಬೇಕು. ಅದಕ್ಕೇ ಮುಚ್ಚಿದೆ. ನಿಮಗೋಸ್ಕರ ಅಂದುಕೋಬೇಡಿ.”

ದೊಡ್ಡವಳ ಒಳಗೆ ಏನೋ ತಣ್ಣಗಾಯಿತು. ಇಷ್ಟು ದಿನ ಒಬ್ಬಳೇ ಉರಿಯುತ್ತಿದ್ದೇನೆ ಎಂದುಕೊಂಡಿದ್ದಳಲ್ಲ. ಎದುರಿನ ಮೇಜಿನಲ್ಲೂ ಅದೇ ಕಿಚ್ಚು, ಅದೂ ತನ್ನನ್ನು ನೋಡಿ. ತನ್ನನ್ನು ನೋಡಿ ಉರಿದುಕೊಳ್ಳುವಂಥದ್ದು ತನ್ನಲ್ಲಿ ಏನೋ ಇದೆ ಎಂದಾಯಿತು. ಯಜಮಾನರ ಕೈಕುಲುಕಿನಲ್ಲಿ ಸಿಗದ ಸುಖ ಅವಳಿಗೆ ಆ ಒದ್ದೆ ನಲ್ಲಿಯ ಬುಡದಲ್ಲಿ ಸಿಕ್ಕಿತು.

ಸುಖವೇನೋ ಸಿಕ್ಕಿತು, ಆದರೆ ಚಿಕ್ಕವಳ ತೇಪೆಯ ಮೇಲೆ ಕುರ್ಚಿ ಹಾಕಿಕೊಂಡು ಕೂರುವುದು ದೊಡ್ಡವಳಿಂದಾಗದು. ನೆಟ್ಟಗೆ ಒಳಗೆ ಹೋಗಿ, ಪೈಲಟ್ ಇನ್ನೂ ಅಲ್ಲಿರುವಾಗಲೇ, ಯಜಮಾನರಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ತನ್ನ ಚೀಲ ಸೋರುತ್ತಿತ್ತು, ತಾನು ನೋಡಿಕೊಳ್ಳಲಿಲ್ಲ, ಆ ತೇಪೆ ಚಿಕ್ಕವಳದ್ದು. ಪೈಲಟ್ ಚೀಲವನ್ನು ಎಳೆದುಕೊಂಡು ಆ ಮೂಲೆಯನ್ನು ಮತ್ತೆ ನೋಡಿದ.

“ಹಾಗಾದ್ರೆ ಕುರ್ಚಿ ಚಿಕ್ಕವಳದ್ದು,” ಎಂದರು ಯಜಮಾನರು.

“ನನಗೆ ಬೇಡ,” ಎಂದಳು ಹಿಂದೆಯೇ ಬಂದ ಚಿಕ್ಕವಳು. “ಅಕ್ಕ ಬಿಟ್ಟುಕೊಟ್ಟಿದ್ದನ್ನ ನಾನು ತಗೊಳ್ಳಲ್ಲ.”

“ನಾನು ಬಿಟ್ಟುಕೊಡ್ತಾನೂ ಇಲ್ಲ,” ಎಂದಳು ದೊಡ್ಡವಳು. “ಇನ್ನೊಂದು ಸಲ ಮಾಡ್ತೀವಿ. ಆದ್ರೆ ಒಂದು ಮಾತು. ಇನ್ನು ಮೇಲೆ ನನ್ನ ಚೀಲ ಅವಳು ನೋಡಬೇಕು, ಅವಳದ್ದು ನಾನು.”

“ಅವಳೇ ಯಾಕೆ?” ಎಂದರು ಯಜಮಾನರು.

“ನನ್ನ ಮೇಲೆ ಅವಳಷ್ಟು ಹೊಟ್ಟೆಕಿಚ್ಚು ಇರೋರು ಇಲ್ಲಿ ಬೇರೆ ಯಾರೂ ಇಲ್ಲ,” ಎಂದಳು ದೊಡ್ಡವಳು. ಹೇಳುವಾಗ ದನಿಯಲ್ಲಿದ್ದ ಹೆಮ್ಮೆಯನ್ನು ಮುಚ್ಚಿಡಲೂ ಹೋಗಲಿಲ್ಲ.

ಹೊಸ ಶೆಡ್ಡು ಎದ್ದು ಬಹಳ ಕಾಲವಾಯಿತು. ಯಾವುದು ವಾಸಿ ಎಂದು ಹೇಳಲು ಪೈಲಟ್‌ನಿಂದ ಇನ್ನೂ ಆಗಿಲ್ಲ, ಕುರ್ಚಿಯ ಮೇಲೆ ಬಟ್ಟೆಯ ತುಂಡುಗಳನ್ನು ಪೇರಿಸಿದ್ದಾರೆ. ಅಲ್ಲಿಂದ ಹೋದ ಒಂದು ಚೀಲವೂ ಸೋರಿ ವಾಪಸ್ಸು ಬಂದಿಲ್ಲ. ನಿನ್ನೆ ಸಂಜೆ ಬಾಗಿಲು ಹಾಕುವ ಹೊತ್ತಿಗೆ ದೊಡ್ಡವಳು ಚಿಕ್ಕವಳ ಚೀಲಕ್ಕೆ ಮೂರನೆಯ ಸಲ ಸೋಪು ಬಳಿದು ಸೊಂಟ ನೆಟ್ಟಗೆ ಮಾಡಿದಳು. ಎದುರಿನ ಮೇಜಿನಲ್ಲಿ ಚಿಕ್ಕವಳು ಇವಳ ಚೀಲಕ್ಕೆ ನಾಲ್ಕನೆಯ ಸಲ ಬಳಿಯುತ್ತಿದ್ದಳು. ದೊಡ್ಡವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು, ಆಮೇಲೆ ಬ್ರಷ್ಷನ್ನು ಮತ್ತೆ ಸೋಪಿನ ನೀರಿಗೆ ಅದ್ದಿದಳು.