ಆಡು ನುಂಗಿದ ನನ್ನ ಗುಳಿಗೆ

ಕಳೆದ ವಾರ ಒಂದು ಆಡಿನ ಮುಂದೆ ತಲೆ ತಗ್ಗಿಸಿ ನಿಂತಿದ್ದೆ. ಕ್ಷಮೆ ಕೇಳಬೇಕಿತ್ತು. ಕೇಳಿದೆ, ಆದರೆ ಆಡನ್ನಲ್ಲ, ಅದರ ಯಜಮಾನನನ್ನು. ಎಡವಟ್ಟಾಗಿದ್ದು ಅಲ್ಲಿಯೇ.

ಮೂಲ ನನ್ನ ಮೊಣಕಾಲು. ಎರಡು ವರ್ಷದ ಹಿಂದೆ ಆಪರೇಷನ್ ಆದಾಗ ನೋವಿಗೆ ಡಾಕ್ಟರು ಬರೆದ ಗುಳಿಗೆ ಸಾಮಾನ್ಯದ್ದಲ್ಲ, ಅಫೀಮಿನ ಬಳಗದ್ದು. (ನುಂಗಿದರೆ ನೋವೂ ಇಲ್ಲ, ಹೆಂಡತಿ ಬೈದದ್ದೂ ಕೇಳುವುದಿಲ್ಲ.) ಕಾಲು ನೆಟ್ಟಗಾಯಿತು, ಎರಡು ಸ್ಟ್ರಿಪ್ ಉಳಿದವು. ಉಳಿದ ಗುಳಿಗೆ ಎಸೆಯುವ ಮನೆ ನಾವಿರುವ ನವನಗರದಲ್ಲಿ ಎಲ್ಲಾದರೂ ಇದೆಯೇ? ಫ್ರಿಜ್ಜಿನ ಬಾಗಿಲಲ್ಲಿಟ್ಟು, ಅರ್ಹರು ಸಿಗುವವರೆಗೆ ಕಾಯುತ್ತೇವೆ.

ಸಿಕ್ಕರು. ನಾನು ಪಾಠ ಮಾಡುವ ಶಾಲೆ ಕುಳಗೇರಿ ಕ್ರಾಸಿನ ಹತ್ತಿರ. ಅದರ ಹಿಂದೆಯೇ ಮಾಳಪ್ಪ, ಹನಮವ್ವ ದಂಪತಿಯ ಆಡುಗಳ ದೊಡ್ಡಿ. ಅವರ ಗಬ್ಬದ ಆಡೊಂದು ಕಾಲು ಮುರಿದುಕೊಂಡು ಒರಲುತ್ತಿತ್ತು. ಮಾಸ್ತರ ಅಂದಮೇಲೆ ಗೊತ್ತಿಲ್ಲದ್ದು ಇರಬಾರದಲ್ಲ? ದಿನಾ ಅರ್ಧ ಗುಳಿಗೆ ರೊಟ್ಟಿಯಲ್ಲಿ ಸುತ್ತಿ ತಿನ್ನಿಸು ಅಂತ ಮಾಳಪ್ಪನಿಗೆ ಕೊಟ್ಟೆ. ಆಡು ಸುಮ್ಮನಾಯಿತು. ಕಾಲು ಕೂಡಿತು. ಹೆಣ್ಣುಮರಿ ಹಾಕಿತು. ನನ್ನ ಕೀರ್ತಿ ಬಾದಾಮಿಯವರೆಗೆ ಹಬ್ಬಿತು.

ಆ ಮರಿ ಈಗ ಬೆಳೆದು ನಿಂತಿದೆ. ಓರಗೆಯವು ಒಂದು ಸಲ ಈದಿವೆ, ಇದಿನ್ನೂ ಬೆದೆಗೇ ಬಂದಿಲ್ಲ.

"ಗೊಡ್ಡು ಐತ್ರಿ ಮಾಸ್ತರ್ರ. ಈ ವಾರ ಅಮೀನಗಡ ಸಂತಿಗೆ ಒಯ್ತೇನಿ," ಅಂದ ಮಾಳಪ್ಪ. ಗೊಡ್ಡು ಆಡನ್ನು ಕೊಳ್ಳುವವನು ಕಸಾಯಿ ಒಬ್ಬನೇ.

ತಡೆಯದೆ ಪರಿಚಯದ ದನದ ಡಾಕ್ಟರಿಗೆ ಫೋನ್ ಮಾಡಿದೆ. ಗುಳಿಗೆಯ ಹೆಸರು ಕೇಳಿ ಅವರು, ಎಷ್ಟು ದಿನ ಕೊಟ್ಟಿದ್ದಿರಿ ಅಂತ ವಿಚಾರಿಸಿಕೊಂಡರು.

"ಇಲಿಗಳ ಮ್ಯಾಲೆ ನೋಡ್ಯಾರ್ರಿ ಸರ್. ಗಬ್ಬದಾಗ ತಾಯಿಗೆ ಇಂಥಾವು ಕೊಟ್ರ, ಹುಟ್ಟಿದ ಹೆಣ್ಣಿಗೆ ಬೆಳೆದ ಮ್ಯಾಲೂ ಹಾರ್ಮೋನು ಏರುಪೇರು ಆಗಬಹುದು, ಬೆದಿ ತಪ್ಪಬಹುದು. ನಿಮ್ಮ ಆಡಿಗೆ ಅದೇ ಕಾರಣ ಅಂತ ನಾ ಹೇಳಂಗಿಲ್ಲ. ಅಲ್ಲ ಅಂತಾನೂ ಹೇಳಂಗಿಲ್ಲ. ಮೊದಲ ನನಗ ತೋರಸ್ರಿ."

ಆ ಮರಿ ತಾನಾಗಿ ಏನನ್ನೂ ನುಂಗಿರಲಿಲ್ಲ. ಕಣ್ಣು ಬಿಡುವ ಮೊದಲೇ ನನ್ನ ಉಪಕಾರ ಅದರ ಮೈ ಸೇರಿತ್ತು.

ಮರುದಿನವೇ ಹೋಗಿ ಎಲ್ಲ ಹೇಳಿದೆ. ತಪ್ಪು ನನ್ನದು, ಡಾಕ್ಟರಿಗೆ ತೋರಿಸೋಣ, ಮಾರಬೇಡ ಅಂದೆ. ಮಾಳಪ್ಪ ಗಂಭೀರವಾಗಿ ಕೇಳಿಸಿಕೊಂಡ.

"ಅಂದ್ರ ದೋಷ ತಾಯಿ ಹೊಟ್ಟ್ಯಾಗಿಂದ ಬಂದದ್ದು ಅನ್ರಿ."

"ತಾಯಿದಲ್ಲೋ ಮಾರಾಯಾ, ಗುಳಿಗಿದು."

"ನುಂಗಿದ್ದು ತಾಯಿ ಅಲ್ರಿ? ಚಲೋ ಆತು ಹೇಳಿದ್ರಿ. ಎರಡನ್ನೂ ಹೊಡಕೊಂಡು ಹೋಗ್ತೇನಿ."

ಕಸ ಹೊಡೆಯುತ್ತಿದ್ದ ಹನಮವ್ವ ಕೈ ನಿಲ್ಲಿಸಿದಳು. "ಕೊಟ್ಟಾವ್ರು ಅವರು. ಕೈಯಾರೆ ತಿನ್ನಿಸಿದಾಂವ ನೀ. ಮಾರೂದು ಅದನ್ನ?"

ಮಾಳಪ್ಪ ನನಗೆ ಕೂರಲು ಕಂಬಳಿ ಹಾಸಿದ. "ಮಾಸ್ತರ್ರಿಗೆ ಚಾ ಮಾಡು," ಅಂದ.

ಅವನೊಬ್ಬನನ್ನು ಯಾಕೆ ಬೈಯಬೇಕು? ಓದಿದವರ ಮನೆಯಲ್ಲೂ ಕೂಸಿಗೆ ಏನೇ ಆಗಲಿ, ಬಸುರಿದ್ದಾಗ ಏನು ತಿಂದಿದ್ದಿ ಅಂತ ತಾಯಿಯನ್ನೇ ಕೇಳುತ್ತಾರೆ. ತಿನ್ನಿಸಿದವರನ್ನು ಕೇಳಿದ್ದು ನಾನಂತೂ ನೋಡಿಲ್ಲ.

ಎರಡೂ ಆಡನ್ನು ನಾನೇ ಕೊಳ್ಳಬಹುದಿತ್ತು. ನಮ್ಮ ಮೇಲಿನ ಮಹಡಿಯ ಬಾಡಿಗೆ ಮನೆಯಲ್ಲಿ ಆಡು ಕಟ್ಟುವುದೆಲ್ಲಿ ಅಂತ ಯೋಚಿಸುತ್ತ ಕೂತೆ. ಅಷ್ಟರಲ್ಲಿ ಸಂತೆಯ ದಿನ ಬಂತು, ತಾಯಿ-ಮಗಳು ಒಂದೇ ಟೆಂಪೋದಲ್ಲಿ ಹೋದವು.

ಗುಳಿಗೆ ಕೊಟ್ಟವನಿಗೆ ಚಹಾ, ನುಂಗಿದವಳಿಗೆ ಸಂತೆ.